ಹಳೇ ಕಾರಿನ ಫ್ಲೈವೀಲ್ ಬೋಲ್ಟ್: ಬಿಗಿ ಮಾಡುವುದು ಹೇಗೆ, ಬಿಗಿಯಾಗಿಯೇ ಉಳಿಸುವುದು ಹೇಗೆ

ಹಳೇ ಕಾರಿನ ಇಂಜಿನ್ ಪೂರ್ತಿ ಬಿಚ್ಚಿ ಮತ್ತೆ ಜೋಡಿಸುವಾಗ ಎಲ್ಲರ ಗಮನ ಪಿಸ್ಟನ್, ಬೇರಿಂಗ್, ವಾಲ್ವ್ ಮೇಲೆ ಇರುತ್ತದೆ. ಇಂಜಿನ್ನಿನ ಹಿಂದುಗಡೆ ತಿರುಗುವ ಭಾರದ ಚಕ್ರ, ಅಂದರೆ ಫ್ಲೈವೀಲ್, ಅದರ ಸರದಿ ಬರುವ ಹೊತ್ತಿಗೆ ಕಷ್ಟದ ಕೆಲಸವೆಲ್ಲ ಮುಗಿಯಿತು ಅನ್ನಿಸಿಬಿಡುತ್ತದೆ. ನಾಲ್ಕೋ ಆರೋ ಬೋಲ್ಟ್ ತಾನೇ, ಗಟ್ಟಿಯಾಗಿ ತಿರುಗಿಸಿದರಾಯಿತು ಅಂತ. ಆದರೆ ಒಂದು ಮಾತು ನೆನಪಿರಲಿ. ಸಿಲಿಂಡರ್ ಹೆಡ್ಡಿನ ನಟ್‌ಗಳನ್ನು ಕಾರು ಒಂದಷ್ಟು ಓಡಿದ ಮೇಲೆ ಮತ್ತೆ ಬಿಗಿ ಮಾಡಬಹುದು, ಆಯಿಲ್ ಸಂಪ್ ಇಳಿಸಿದರೆ ಬೇರಿಂಗ್ ಕ್ಯಾಪಿನ ಬೋಲ್ಟ್‌ಗಳೂ ಕೈಗೆ ಸಿಗುತ್ತವೆ, ಫ್ಲೈವೀಲಿನ ಬೋಲ್ಟ್ ನೋಡಬೇಕು ಅಂದರೆ ಮಾತ್ರ ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಬಿಚ್ಚಬೇಕು, ಕೆಲವು ಕಾರುಗಳಲ್ಲಂತೂ ಇಂಜಿನ್ನನ್ನೇ ಹೊರಗೆ ಎಳೆಯಬೇಕು. ಅಂದರೆ ಒಮ್ಮೆ ಮುಚ್ಚಿದರೆ ಮುಚ್ಚಿದ ಹಾಗೆಯೇ.

ಅಲ್ಲಿ ಏನು ತಿರುಗುತ್ತಿದೆ ಅನ್ನುವುದನ್ನೂ ಲೆಕ್ಕ ಹಾಕಿ ನೋಡೋಣ. 15 ಕೆಜಿ ತೂಕದ, 30 ಸೆಂ.ಮೀ. ವ್ಯಾಸದ ಒಂದು ಫ್ಲೈವೀಲ್ ಇದೆ ಅಂದುಕೊಳ್ಳಿ. ಅದು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಅದರ ಅಂಚು ಗಂಟೆಗೆ ಸುಮಾರು 170 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಅದರೊಳಗೆ ತುಂಬಿಕೊಂಡ ಶಕ್ತಿ ಸುಮಾರು 8300 ಜೂಲ್. 850 ಕೆಜಿಯ ಕಾರನ್ನು ನೆಲದಿಂದ ಒಂದು ಮೀಟರ್ ಮೇಲಕ್ಕೆ ಎತ್ತಲು ಬೇಕಾದಷ್ಟು. ಮತ್ತೆ ಇದೆಲ್ಲ ಇರುವುದು ಓಡಿಸುವವರ ಕಾಲಿನ ಹತ್ತಿರ, ತೆಳ್ಳನೆಯ ಒಂದು ಎರಕದ ಗೋಡೆಯ ಆಚೆ. ಹಾಗಾಗಿ ಈ ಕೆಲಸವನ್ನು ಅವಸರದಲ್ಲಿ ಮಾಡಬಾರದು ಅಂತ ನಾನು ಒತ್ತಿ ಹೇಳುತ್ತೇನೆ.

ಹೆಚ್ಚಿನವರು ಕೇಳುವ ಪ್ರಶ್ನೆ "ಯಾವ ಲಾಕ್ ಹಾಕಬೇಕು?" ಅನ್ನುವುದು. ಟ್ಯಾಬ್ ವಾಶರ್ ಸಾಕಾ, ತಂತಿ ಕಟ್ಟಬೇಕಾ, ಲಾಕ್‌ಟೈಟ್ ಅಂಟು ಹಚ್ಚಿದರೆ ಆಗುತ್ತಾ ಅಂತ. ಪ್ರಶ್ನೆ ಸರಿಯಾದದ್ದೇ, ಆದರೆ ಅದು ಎರಡನೇ ಪ್ರಶ್ನೆ. ಮೊದಲು ಕೇಳಬೇಕಾದದ್ದು, ಆ ಬೋಲ್ಟ್ ಅಲ್ಲಿ ನಿಜವಾಗಿ ಏನು ಮಾಡುತ್ತಿದೆ ಅಂತ.

ಬೋಲ್ಟ್ ಮಾಡುವ ಕೆಲಸ

ಪಿಸ್ಟನ್‌ಗಳ ಓಡಾಟವನ್ನು ಸುತ್ತಾಟಕ್ಕೆ ಬದಲಿಸುವ ದಂಡ ಕ್ರ್ಯಾಂಕ್‌ಶಾಫ್ಟ್. ಅದರ ಹಿಂಭಾಗದಲ್ಲಿ ಒಂದು ಚಪ್ಪಟೆ ಫ್ಲ್ಯಾಂಜ್ (ಬಿಲ್ಲೆಯಂಥ ಅಗಲ ಮುಖ) ಇರುತ್ತದೆ. ಅದರ ಮೇಲೆ ಫ್ಲೈವೀಲ್ ಕೂರುತ್ತದೆ, ಬೋಲ್ಟ್‌ಗಳು ಎರಡನ್ನೂ ಹಿಡಿದಿರುತ್ತವೆ. ಗೋಡೆಗೆ ಹೊಡೆದ ಮೊಳೆಯ ಹಾಗೆ ಬೋಲ್ಟಿನ ದೇಹವೇ ಅಡ್ಡ ನಿಂತು ಫ್ಲೈವೀಲನ್ನು ತಿರುಗಿಸುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗೆ ಆಗುವುದಿಲ್ಲ. ಬಿಗಿ ಮಾಡಿದ ಬೋಲ್ಟ್ ಒಂಚೂರು ಉದ್ದಕ್ಕೆ ಎಳೆದುಕೊಳ್ಳುತ್ತದೆ. ಎಳೆದುಕೊಂಡದ್ದು ಮತ್ತೆ ಮೊದಲಿನ ಉದ್ದಕ್ಕೆ ಬರಲು ನೋಡುತ್ತದೆ. ಆ ಎಳೆತದಿಂದ ಎರಡು ಮುಖಗಳೂ ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಆ ಒತ್ತಡದಿಂದ ಹುಟ್ಟುವ ಘರ್ಷಣೆಯೇ ಫ್ಲೈವೀಲನ್ನು ಜಾರದಂತೆ ಹಿಡಿಯುತ್ತದೆ. ಡೋವೆಲ್ ಪಿನ್ (ಎರಡೂ ಮುಖಗಳ ತೂತಿನಲ್ಲಿ ಕೂರುವ ಸಣ್ಣ ಗೂಟ) ಇದ್ದರೆ ಅದು ಫ್ಲೈವೀಲನ್ನು ಸರಿಯಾದ ಜಾಗದಲ್ಲಿ ಕೂರಿಸಲು, ಜೊತೆಗೆ ಒಂದಷ್ಟು ಬೆಂಬಲಕ್ಕೆ.

ಸಂಖ್ಯೆ ಹಾಕಿ ನೋಡಿದರೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. 8.8 ದರ್ಜೆಯ (ಇದು ಬೋಲ್ಟಿನ ಗಟ್ಟಿತನ ಹೇಳುವ ಸಂಖ್ಯೆ) 10 ಮಿ.ಮೀ. ಬೋಲ್ಟ್ ಆರು ಇವೆ ಅಂದುಕೊಳ್ಳಿ. ಸರಿಯಾಗಿ ಬಿಗಿ ಮಾಡಿದಾಗ ಒಂದೊಂದೂ ಸುಮಾರು 25 ಕಿಲೋನ್ಯೂಟನ್ ಬಲದಿಂದ, ಅಂದರೆ ಎರಡೂವರೆ ಟನ್ ಭಾರದಷ್ಟು ಒತ್ತುತ್ತದೆ. ಆರೂ ಸೇರಿದರೆ 15 ಟನ್. ಬೋಲ್ಟ್‌ಗಳು ಮಧ್ಯದಿಂದ 35 ಮಿ.ಮೀ. ದೂರದಲ್ಲಿದ್ದರೆ, ಒಣಗಿದ ಸ್ವಚ್ಛ ಮುಖಗಳ ಘರ್ಷಣೆಯ ಅಂಕ 0.15 ಅಂತ ಹಿಡಿದರೆ, ಈ ಜೋಡಣೆ ಜಾರದೆ ತಡೆದುಕೊಳ್ಳುವ ತಿರುಚು ಸುಮಾರು 780 ನ್ಯೂಟನ್ ಮೀಟರ್.

ಸಣ್ಣ ಹಳೇ ಕಾರಿನ ಇಂಜಿನ್ ಕೊಡುವುದು 100 ನ್ಯೂಟನ್ ಮೀಟರ್ ಆಸುಪಾಸು. ಹಾಗಾದರೆ ಏಳೆಂಟು ಪಟ್ಟು ಯಾಕೆ ಬೇಕು? ಯಾಕೆಂದರೆ ಆ 100 ಅನ್ನುವುದು ಸರಾಸರಿ. ಒಂದು ಸಿಲಿಂಡರ್ ಉರಿದ ಕ್ಷಣದಲ್ಲಿ ತಿರುಚು ಹಲವು ಪಟ್ಟು ಮೇಲೇರುತ್ತದೆ, ಮರುಕ್ಷಣ ಇನ್ನೊಂದು ಸಿಲಿಂಡರ್ ಗಾಳಿ ಒತ್ತುವಾಗ ಉಲ್ಟಾ ಎಳೆಯುತ್ತದೆ. ನಾಲ್ಕು ಸಿಲಿಂಡರಿನ ಇಂಜಿನ್ 3000 ಸುತ್ತಿನಲ್ಲಿ ಓಡುವಾಗ ಹೀಗೆ ಸೆಕೆಂಡಿಗೆ 100 ಸಲ ಆಗುತ್ತದೆ. ಮೇಲಿಂದ ಕ್ಲಚ್ಚನ್ನು ಫಟ್ ಅಂತ ಬಿಟ್ಟರೆ ಬರುವ ಏಟು ಬೇರೆ. ಈಗ ಅದೇ ಮುಖದ ಮೇಲೆ ಎಣ್ಣೆ ಉಳಿದಿದ್ದರೆ ಘರ್ಷಣೆ 0.1ಕ್ಕೆ ಇಳಿಯಬಹುದು, ಆಗ 780 ಇದ್ದದ್ದು 520 ಆಗುತ್ತದೆ. ಬೋಲ್ಟಿನ ಎಳೆತವೂ ಅರ್ಧಕ್ಕೆ ಬಿದ್ದರೆ 260. ಅಲ್ಲಿಗೆ ಅಂಚಿಗೆ ಬಂದು ನಿಂತ ಹಾಗೆ.

ಎಳೆತ ಅರ್ಧಕ್ಕೆ ಬೀಳುವುದು ಅಷ್ಟು ಸುಲಭವಾ? ಸುಲಭ, ಅದೇ ಈ ಇಡೀ ವಿಷಯದ ತಿರುಳು. ಫ್ಲೈವೀಲ್ ಬೋಲ್ಟ್ ಗಿಡ್ಡ. ಅದರಲ್ಲಿ ಎಳೆದುಕೊಳ್ಳುವ ಭಾಗ ಸುಮಾರು 20 ಮಿ.ಮೀ. ಇರಬಹುದು. ಅಷ್ಟು ಗಿಡ್ಡ ಬೋಲ್ಟನ್ನು ಎರಡೂವರೆ ಟನ್ ಬಲದಲ್ಲಿ ಎಳೆದಾಗ ಅದು ಹಿಗ್ಗುವುದು 0.04 ಮಿ.ಮೀ. ಅಷ್ಟೇ. ಮಿಲಿಮೀಟರಿನ ಇಪ್ಪತ್ತೈದರಲ್ಲಿ ಒಂದು ಭಾಗ! ಬೋಲ್ಟಿನ ತಲೆಯ ಕೆಳಗೆ ಒಂದಿಷ್ಟು ಬಣ್ಣ, ಫ್ಲ್ಯಾಂಜ್ ಮೇಲೆ ಒಂದು ಸಣ್ಣ ಬರ್ (ಮೇಲೆದ್ದ ಲೋಹದ ಚೂಪು), ನಡುವೆ ಸಿಕ್ಕಿದ ಮಣ್ಣಿನ ಕಣ, ಮೆತ್ತನೆಯ ವಾಶರ್, ಇವುಗಳಲ್ಲಿ ಯಾವುದಾದರೂ ಓಡುತ್ತಾ ಓಡುತ್ತಾ 0.02 ಮಿ.ಮೀ. ಅಮುಕಿಕೊಂಡರೆ ಬೋಲ್ಟಿನ ಅರ್ಧ ಎಳೆತ ಹೋಯಿತು. ಬೋಲ್ಟ್ ಒಂದು ಡಿಗ್ರಿಯೂ ತಿರುಗಿರುವುದಿಲ್ಲ. ಲಾಕ್ ಹೇಗಿತ್ತೋ ಹಾಗೇ ಇರುತ್ತದೆ. ಆದರೂ ಜೋಡಣೆ ಸಡಿಲ. ಇದನ್ನು ಒಮ್ಮೆ ಮನಸ್ಸಿಗೆ ತಂದುಕೊಂಡರೆ ಮುಖಗಳನ್ನು ಒರೆಸುವಾಗ ಕೈ ತಾನಾಗಿಯೇ ನಿಧಾನವಾಗುತ್ತದೆ.

ಎಳೆತ ಕಡಿಮೆಯಾದ ಮೇಲೆ ಇನ್ನೊಂದು ತೊಂದರೆ ಶುರು. ಜರ್ಮನಿಯ ಗೆರ್ಹಾರ್ಡ್ ಯುಂಕರ್ ಅನ್ನುವ ಇಂಜಿನಿಯರ್ 1969ರಲ್ಲಿ ಪ್ರಯೋಗ ಮಾಡಿ ತೋರಿಸಿದ ಸಂಗತಿ ಇದು. ಬೋಲ್ಟನ್ನು ಅದರ ಉದ್ದಕ್ಕೆ ಅಲುಗಾಡಿಸುವುದಕ್ಕಿಂತ, ಹಿಡಿದಿಟ್ಟ ಭಾಗಗಳು ಅಡ್ಡಡ್ಡ ಜಾರುವಂತೆ ಅಲುಗಾಡಿಸಿದರೆ ಬೋಲ್ಟ್ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಅಡ್ಡ ಜಾರಿದ ಕ್ಷಣದಲ್ಲಿ ಥ್ರೆಡ್ಡಿನ ಹಿಡಿತ ತಪ್ಪುತ್ತದೆ, ಥ್ರೆಡ್ಡಿನ ಇಳಿಜಾರು ಬೋಲ್ಟನ್ನು ಬಿಚ್ಚುವ ಕಡೆಗೆ ತಳ್ಳುತ್ತದೆ. ಫ್ಲೈವೀಲ್ ಜೋಡಣೆಯಲ್ಲಿ ಬರುವುದು ಸರಿಯಾಗಿ ಇದೇ ಥರದ ಅಡ್ಡ ಬಲ. ಮುಖಗಳು ಜಾರದಷ್ಟು ಎಳೆತ ಇರುವ ತನಕ ಬೋಲ್ಟಿಗೆ ತಿರುಗಲು ಕಾರಣವೇ ಇರುವುದಿಲ್ಲ. ಜಾರಲು ಶುರುವಾದ ಮೇಲೆ ಮಾತ್ರ ಲಾಕಿಗೆ ಕೆಲಸ ಬರುತ್ತದೆ.

ಲಾಕ್‌ಗಳ ವಿಚಾರ

ಹಳೇ ಇಂಜಿನ್‌ಗಳಲ್ಲಿ ಹೆಚ್ಚಾಗಿ ಸಿಗುವುದು ಟ್ಯಾಬ್ ವಾಶರ್. ತೆಳು ತಗಡಿನ ಪಟ್ಟಿ, ಕೆಲವೊಮ್ಮೆ ಎರಡು ಬೋಲ್ಟಿಗೆ ಸೇರಿ ಒಂದು. ಬೋಲ್ಟ್ ಬಿಗಿಯಾದ ಮೇಲೆ ಅದರ ಕಿವಿಯನ್ನು ಬೋಲ್ಟಿನ ತಲೆಯ ಒಂದು ಚಪ್ಪಟೆ ಬದಿಗೆ ಮಡಚಬೇಕು. ಮೂಲೆಗೆ ಮಡಚಿದರೆ ಪ್ರಯೋಜನವಿಲ್ಲ, ಅರ್ಧಂಬರ್ಧ ಮಡಚಿದರೂ ಇಲ್ಲ. ಕಿವಿ ಪೂರ್ತಿ ಬದಿಗೆ ಅಂಟಿಕೊಂಡಂತೆ ಕೂರಬೇಕು. ಒಮ್ಮೆ ಮಡಚಿದ ಕಿವಿಯನ್ನು ಬಿಡಿಸಿ ಮತ್ತೆ ಮಡಚಬೇಡಿ. ಮಡಿಕೆಯಲ್ಲಿ ಬಿರುಕು ಬಿಟ್ಟು, ಆ ಚೂರು ಮುರಿದು ಕ್ಲಚ್ಚಿನ ಒಳಗೆ ಬೀಳುತ್ತದೆ. ಹಳೆಯದನ್ನು ಎಸೆದು ಹೊಸದು ಹಾಕಿ, ಅದು ದೊಡ್ಡ ಖರ್ಚಿನ ವಸ್ತುವೇನಲ್ಲ.

ಆದರೆ ಟ್ಯಾಬ್ ವಾಶರಿಗೆ ಒಂದು ಹುಟ್ಟು ದೋಷ ಇದೆ. ಮಡಚಲು ಬರಬೇಕಾದರೆ ತಗಡು ಮೆತ್ತಗಿರಬೇಕು, ಮೆತ್ತಗಿದ್ದರೆ ಬೋಲ್ಟಿನ ತಲೆಯ ಕೆಳಗೆ ಅಮುಕಿಕೊಳ್ಳುತ್ತದೆ. ಆಗಲೇ ಹೇಳಿದ 0.02 ಮಿ.ಮೀ. ಇಲ್ಲೇ ಕಳೆದುಹೋಗಬಹುದು. ಬೋಲ್ಟ್ ತಿರುಗದಂತೆ ಅದು ನೋಡಿಕೊಳ್ಳುತ್ತದೆ, ಎಳೆತವನ್ನು ಮಾತ್ರ ಕಾಪಾಡುವುದಿಲ್ಲ. ಜರ್ಮನಿಯ ಡಿಐಎನ್ ಸ್ಟ್ಯಾಂಡರ್ಡ್‌ಗಳಲ್ಲಿ ಟ್ಯಾಬ್ ವಾಶರಿನ ಡಿಐಎನ್ 93, ಸ್ಪ್ರಿಂಗ್ ವಾಶರಿನ ಡಿಐಎನ್ 127 ಎರಡನ್ನೂ ಹಿಂದಕ್ಕೆ ತೆಗೆದುಕೊಂಡಿದ್ದಾರೆ.

ಸ್ಪ್ರಿಂಗ್ ವಾಶರ್ ವಿಚಾರದಲ್ಲಂತೂ ನನ್ನ ಅಭಿಪ್ರಾಯ ಗಟ್ಟಿ: ಫ್ಲೈವೀಲ್ ಬೋಲ್ಟಿಗೆ ಅದರ ಮೇಲೆ ನಂಬಿಕೆ ಇಡಬೇಡಿ. ಬೋಲ್ಟಿನ ಎಳೆತದ ಸಣ್ಣ ಪಾಲಿಗೇ ಅದು ಪೂರ್ತಿ ಚಪ್ಪಟೆಯಾಗಿಬಿಡುತ್ತದೆ. ಚಪ್ಪಟೆಯಾದ ಮೇಲೆ ಅದು ಸುಮ್ನೆ ಒಂದು ಕಡೆ ಸೀಳಿದ ಮಾಮೂಲಿ ವಾಶರ್.

ಇನ್ನೂ ಹಳೆಯ ಕಾರುಗಳಲ್ಲಿ ತಂತಿ ಕಟ್ಟಿರುತ್ತಾರೆ. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ, ಅದರ ನಂತರ ಬಂದ ಮಾಡೆಲ್ ಎ, ಎರಡರಲ್ಲೂ ಫ್ಲೈವೀಲಿಗೆ ನಾಲ್ಕು ಬೋಲ್ಟ್. ತಲೆಗೆ ತೂತು ಹೊಡೆದು, ಅದರೊಳಗೆ ತಂತಿ ಪೋಣಿಸಿ ಒಂದಕ್ಕೊಂದು ಕಟ್ಟುತ್ತಾರೆ. ಕಟ್ಟುವಾಗ ನೋಡಬೇಕಾದದ್ದು ತಂತಿ ಎಳೆಯುವ ದಿಕ್ಕು. ಒಂದು ಬೋಲ್ಟ್ ಬಿಚ್ಚಿಕೊಳ್ಳಲು ಹೋದರೆ ತಂತಿ ಪಕ್ಕದ ಬೋಲ್ಟನ್ನು ಬಿಗಿಯಾಗುವ ಕಡೆಗೇ ಎಳೆಯಬೇಕು. ಬಲಕ್ಕೆ ಬಿಗಿಯಾಗುವ ಎರಡು ಬೋಲ್ಟ್ ಒಂದರ ಕೆಳಗೊಂದು ಇದ್ದರೆ ತಂತಿ ಮೇಲಿನದರ ಬಲಬದಿಯಿಂದ ಹೊರಟು ಕೆಳಗಿನದರ ಎಡಬದಿಗೆ ಓರೆಯಾಗಿ ಹೋಗುತ್ತದೆ. ಉಲ್ಟಾ ಕಟ್ಟಿದ ತಂತಿ ನೋಡಲು ಚೆಂದ ಕಾಣುತ್ತದೆ, ಆದರೆ ಬೋಲ್ಟ್ ಬಿಚ್ಚಿಕೊಳ್ಳಲು ಜಾಗ ಬಿಟ್ಟುಕೊಡುತ್ತದೆ. 0.8 ಮಿ.ಮೀ. ಸ್ಟೇನ್‌ಲೆಸ್ ತಂತಿಯಾದರೆ ಒಂದು ಇಂಚಿಗೆ ಆರರಿಂದ ಎಂಟು ಹುರಿ ಸಾಕು. ಜಾಸ್ತಿ ಹುರಿದರೆ ತಂತಿಯೇ ದಣಿದು ಮುರಿಯುತ್ತದೆ. ಕೊನೆಯ ತುದಿಯನ್ನು ಒಳಕ್ಕೆ ಮಡಚಿ. ತಂತಿ ಕೂಡ ಎಳೆತ ಉಳಿಸುವುದಿಲ್ಲ, ಬೋಲ್ಟ್ ಪೂರ್ತಿ ಕಳಚಿ ಬೀಳದಂತೆ ತಡೆಯುತ್ತದೆ ಅಷ್ಟೇ. ತೂತಿನ ಸಾಲು ಹೊಂದಲಿಲ್ಲ ಅಂತ ಬೋಲ್ಟನ್ನು ಹಿಂದಕ್ಕೆ ಸಡಿಲಿಸುವುದು ಬೇಡ. ಕೊಂಚ ಮುಂದಕ್ಕೆ ತಿರುಗಿಸಿ ನೋಡಿ, ಟಾರ್ಕ್ (ಬೋಲ್ಟಿಗೆ ಕೊಡುವ ತಿರುಚು) ಮಿತಿ ಮೀರುವಂತಿದ್ದರೆ ಆ ಬೋಲ್ಟನ್ನು ಪಕ್ಕದ ಜಾಗದ ಬೋಲ್ಟಿನ ಜೊತೆ ಬದಲಾಯಿಸಿ ನೋಡಿ. ಸ್ಪ್ಲಿಟ್ ಪಿನ್ ಹಾಕುವ ನಟ್ ಇದ್ದರೂ ಇದೇ ನಿಯಮ.

ಆಮೇಲೆ ದ್ರವದ ಲಾಕ್. ಅಮೆರಿಕದ ರಸಾಯನ ವಿಜ್ಞಾನಿ ವರ್ನನ್ ಕ್ರೀಬಲ್ 1953ರಲ್ಲಿ ಕಂಡುಹಿಡಿದದ್ದು, ಆಮೇಲೆ ಲಾಕ್‌ಟೈಟ್ ಅನ್ನುವ ಹೆಸರಿನಲ್ಲಿ ಬಂತು. ಗಾಳಿ ಇರುವ ತನಕ ಇದು ದ್ರವವಾಗಿಯೇ ಇರುತ್ತದೆ. ಥ್ರೆಡ್ಡಿನ ನಡುವೆ ಸಿಕ್ಕಿ ಗಾಳಿ ತಪ್ಪಿ, ಲೋಹ ತಾಗಿದಾಗ ಗಟ್ಟಿಯಾಗುತ್ತದೆ. ಥ್ರೆಡ್ಡಿನ ಮಧ್ಯೆ ಇರುವ ಸಣ್ಣ ಖಾಲಿ ಜಾಗ ತುಂಬಿಕೊಳ್ಳುವುದರಿಂದ ಬೋಲ್ಟಿಗೆ ಅಡ್ಡಕ್ಕೆ ಅಲುಗಾಡಲು ಎಡೆ ಸಿಗುವುದಿಲ್ಲ, ಅಂದರೆ ಯುಂಕರ್ ತೋರಿಸಿದ ಕಾರಣಕ್ಕೇ ಇದು ಕೈ ಹಾಕುತ್ತದೆ. ತಲೆಯ ಕೆಳಗೆ ಮೆತ್ತನೆಯ ವಸ್ತು ಯಾವುದೂ ಬೇಕಾಗಿಲ್ಲ. ಇನ್ನೊಂದು ಲಾಭವೂ ಇದೆ. ಬಹಳ ಇಂಜಿನ್‌ಗಳಲ್ಲಿ ಫ್ಲ್ಯಾಂಜಿನ ತೂತು ಆರುಪಾರು ಕ್ರ್ಯಾಂಕ್‌ಕೇಸಿಗೆ ತೆರೆದುಕೊಂಡಿರುತ್ತದೆ, ಎಣ್ಣೆ ಥ್ರೆಡ್ ಹಿಡಿದುಕೊಂಡು ಹೊರಬಂದು ಕ್ಲಚ್ ಪ್ಲೇಟಿಗೆ ಮೆತ್ತುತ್ತದೆ, ಮಾಲೀಕರು ಹಿಂದಿನ ಆಯಿಲ್ ಸೀಲ್ ಹಾಳಾಗಿದೆ ಅಂತ ಅದನ್ನು ಬದಲಾಯಿಸುತ್ತಲೇ ಇರುತ್ತಾರೆ. ದ್ರವದ ಲಾಕ್ ಆ ದಾರಿಯನ್ನೂ ಮುಚ್ಚುತ್ತದೆ.

ಓಡಿಸಲು ಅಂತಲೇ ಕಟ್ಟುವ ಇಂಜಿನ್ನಿಗೆ ನಾನು ಆರಿಸುವುದು ಇದನ್ನೇ: ಒಳ್ಳೆಯ ಬೋಲ್ಟ್, ವಾಶರ್ ಇಲ್ಲದೆ ಅಥವಾ ಟ್ಯಾಬ್ ವಾಶರಿನ ಬದಲು ಗಟ್ಟಿ ಉಕ್ಕಿನ ತೆಳು ವಾಶರ್, ಮಧ್ಯಮ ಬಲದ ದ್ರವದ ಲಾಕ್. ಲಾಕ್‌ಟೈಟ್ 243 ಆ ಥರದ್ದು, ನೀಲಿ ಬಣ್ಣ, ಮಾಮೂಲಿ ಸ್ಪ್ಯಾನರಿನಲ್ಲೇ ಬಿಚ್ಚಲು ಬರುತ್ತದೆ. ಕೆಂಪು ಬಣ್ಣದ 271ರಂಥ ಜಾಸ್ತಿ ಬಲದ್ದನ್ನು ಹಚ್ಚಿದರೆ ಮುಂದೆ ಬಿಚ್ಚುವವರು ಬೋಲ್ಟನ್ನು 250 ಡಿಗ್ರಿ ಆಸುಪಾಸು ಬಿಸಿ ಮಾಡಬೇಕಾಗುತ್ತದೆ. ಪಕ್ಕದಲ್ಲೇ ರಬ್ಬರಿನ ಆಯಿಲ್ ಸೀಲ್ ಇರುವ ಜಾಗ ಅದು. ಕಾರು ಮೊದಲು ಹೇಗಿತ್ತೋ ಹಾಗೇ ಇರಬೇಕು, ಪ್ರದರ್ಶನಕ್ಕೆ ಬೇಕು ಅನ್ನುವವರು ಹೊಸ ಟ್ಯಾಬ್ ವಾಶರ್ ಹಾಕಲಿ, ತಪ್ಪಿಲ್ಲ, ಅವೇ ವಾಶರಿನಲ್ಲಿ ಎಷ್ಟೋ ದಶಕ ಓಡಿದ ಇಂಜಿನ್‌ಗಳಿವೆ. ಆದರೆ ಟಾರ್ಕ್ ಕೊಟ್ಟು ಒಂದಷ್ಟು ಹೊತ್ತು ಬಿಟ್ಟು, ಕಿವಿ ಮಡಚುವ ಮೊದಲು ಮತ್ತೊಮ್ಮೆ ಅದೇ ಟಾರ್ಕ್ ಕೊಟ್ಟು ನೋಡಲಿ. ಮೆತ್ತನೆಯ ತಗಡು ಅಮುಕಿದ್ದರೆ ಬೋಲ್ಟ್ ಇನ್ನೊಂಚೂರು ತಿರುಗುವುದು ಗೊತ್ತಾಗುತ್ತದೆ.

ಟ್ಯಾಬ್ ವಾಶರ್ ತೆಗೆದುಹಾಕುವವರು ಒಂದು ವಿಷಯ ಮರೆಯಬಾರದು. ವಾಶರಿನ ದಪ್ಪದಷ್ಟು ಬೋಲ್ಟ್ ಈಗ ಒಳಕ್ಕೆ ಹೋಗುತ್ತದೆ. ತೂತು ಆರುಪಾರು ಇದ್ದರೆ ಬೋಲ್ಟಿನ ತುದಿ ಫ್ಲ್ಯಾಂಜಿನ ಆಚೆ ಚಾಚಿ ಬೇರಿಂಗ್ ಕ್ಯಾಪಿಗೋ ಸೀಲಿನ ಗೂಡಿಗೋ ತಾಗಬಹುದು. ತೂತು ಒಂದು ಕಡೆ ಮುಚ್ಚಿದ್ದರೆ ಬೋಲ್ಟ್ ತಳಕ್ಕೆ ತಾಗಿ ನಿಲ್ಲುತ್ತದೆ, ಟಾರ್ಕ್ ರೆಂಚ್ ಕ್ಲಿಕ್ ಅನ್ನುತ್ತದೆ, ಫ್ಲೈವೀಲ್ ಮಾತ್ರ ಬಿಗಿಯಾಗಿರುವುದಿಲ್ಲ. ಫ್ಲೈವೀಲ್ ಇಲ್ಲದೆ ಬರೀ ಬೋಲ್ಟನ್ನು ತೂತಿಗೆ ಹಾಕಿ ಎಷ್ಟು ಆಳ ಹೋಗುತ್ತದೆ ಅಂತ ಅಳೆದು, ಅದನ್ನು ಫ್ಲೈವೀಲಿನ ದಪ್ಪದ ಜೊತೆ ಹೋಲಿಸಿ ನೋಡಿ.

ಸರಿಯಾದ ಬೋಲ್ಟ್

ಹಳೇ ಕಾರು ಅಂದರೆ ಥ್ರೆಡ್‌ಗಳ ಕಾಡು. ಬ್ರಿಟಿಷ್ ಕಾರಿನಲ್ಲಿ ಬಿಎಸ್ಎಫ್ (ಬ್ರಿಟನ್ನಿನ ಹಳೇ ಸಣ್ಣ ಥ್ರೆಡ್ ಅಳತೆ) ಇರಬಹುದು, ಯುಎನ್ಎಫ್ (ಆಮೇಲೆ ಬಂದ, ಅಮೆರಿಕದಲ್ಲೂ ಬಳಸುವ ಅಳತೆ) ಇರಬಹುದು. 3/8 ಇಂಚಿನ ಬಿಎಸ್ಎಫ್‌ನಲ್ಲಿ ಇಂಚಿಗೆ 20 ಸುತ್ತು, ಯುಎನ್ಎಫ್‌ನಲ್ಲಿ 24. ಥ್ರೆಡ್ಡಿನ ಕೋನವೂ ಬೇರೆ, 55 ಮತ್ತು 60 ಡಿಗ್ರಿ. ತಪ್ಪು ಬೋಲ್ಟ್ ಮೊದಲ ಒಂದೆರಡು ಸುತ್ತು ಹೋದಂತೆ ಮಾಡಿ ಹಿಡಿದುಕೊಳ್ಳುತ್ತದೆ. ಅಲ್ಲಿಂದ ಮುಂದೆ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಕ್ರ್ಯಾಂಕ್‌ಶಾಫ್ಟಿನ ಥ್ರೆಡ್ ಹೋಯಿತು. 1936ರಿಂದ 1955ರವರೆಗಿನ ಎಂಜಿ ಟಿ ಸರಣಿಯ ಕಾರುಗಳಲ್ಲಿ ಇನ್ನೂ ವಿಚಿತ್ರ. ಬೋಲ್ಟಿನ ತಲೆಗೆ ವಿಟ್‌ವರ್ತ್ ಅನ್ನುವ ಹಳೇ ಬ್ರಿಟಿಷ್ ಅಳತೆಯ ಸ್ಪ್ಯಾನರ್ ಹೊಂದುತ್ತದೆ, ಥ್ರೆಡ್ ಮಾತ್ರ ಮೆಟ್ರಿಕ್! ಎಂಜಿ ಕಾರುಗಳ ಹಿಂದಿದ್ದ ಮೋರಿಸ್ ಕಂಪನಿಗೆ ಇಂಜಿನ್ ಮಾಡಿಕೊಡುತ್ತಿದ್ದದ್ದು ಹಾಚ್‌ಕಿಸ್ ಅನ್ನುವ ಫ್ರೆಂಚ್ ಕಂಪನಿಯ ಕವೆಂಟ್ರಿ ಕಾರ್ಖಾನೆ. 1923ರಲ್ಲಿ ಮೋರಿಸ್ ಆ ಕಾರ್ಖಾನೆಯನ್ನೇ ಕೊಂಡರು. ಯಂತ್ರಗಳು ಮೆಟ್ರಿಕ್ ಥ್ರೆಡ್ ಕೊರೆಯುವಂಥವು, ರಿಪೇರಿ ಮಾಡುವವರ ಕೈಯಲ್ಲಿ ಬ್ರಿಟಿಷ್ ಸ್ಪ್ಯಾನರ್, ಹಾಗಾಗಿ ಈ ಜೋಡಿ. ಸ್ಪ್ಯಾನರ್ ಹೊಂದಿತು ಅಂತ ಥ್ರೆಡ್ಡನ್ನು ಊಹಿಸಬೇಡಿ. ಥ್ರೆಡ್ ಗೇಜ್ ಇಟ್ಟು ನೋಡಿ. ಸರಿಯಾದ ಬೋಲ್ಟ್ ಬರೀ ಬೆರಳಿನಲ್ಲೇ ಕೊನೆಯ ತನಕ ಹೋಗಬೇಕು.

ಫ್ಲೈವೀಲ್ ಬೋಲ್ಟ್‌ಗಳಲ್ಲಿ ಕೆಲವಕ್ಕೆ ಥ್ರೆಡ್ ಇಲ್ಲದ ನುಣುಪು ಭಾಗ ಇರುತ್ತದೆ, ಅದು ಫ್ಲೈವೀಲಿನ ತೂತಿಗೆ ಕರಾರುವಾಕ್ಕಾಗಿ ಹೊಂದುವಂತೆ ಮಾಡಿದ್ದು. ಅದರ ಬದಲು ಪೂರ್ತಿ ಥ್ರೆಡ್ ಇರುವ ಅಂಗಡಿ ಬೋಲ್ಟ್ ಹಾಕಿದರೆ ಆ ಹೊಂದಿಕೆ ಹೋಗುತ್ತದೆ. ತಲೆಯೂ ಮಾಮೂಲಿಗಿಂತ ತೆಳುವಾಗಿರುತ್ತದೆ, ಯಾಕೆಂದರೆ ಕ್ಲಚ್ ಪ್ಲೇಟಿನ ಮಧ್ಯಭಾಗ ಅದರ ಮುಂದೆಯೇ ತಿರುಗುತ್ತದೆ. ಬೇರೆ ಬೋಲ್ಟೋ ದಪ್ಪ ವಾಶರೋ ಹಾಕಿದ್ದರೆ ಕ್ಲಚ್ ಪ್ಲೇಟನ್ನು ಜಾಗದಲ್ಲಿಟ್ಟು ಕೈಯಲ್ಲಿ ತಿರುಗಿಸಿ, ಎಲ್ಲೂ ಉಜ್ಜುತ್ತಿಲ್ಲ ಅಂತ ಖಚಿತ ಮಾಡಿಕೊಳ್ಳಿ.

ದರ್ಜೆಯ ಬಗ್ಗೆ ಒಂದು ತಪ್ಪು ನಂಬಿಕೆ ಇದೆ. 8.8 ಬದಲು 12.9 ಹಾಕಿದರೆ ಜಾಸ್ತಿ ಬಿಗಿ ಅಂತ. ಟಾರ್ಕ್ ಅದೇ ಇದ್ದರೆ ಎಳೆತವೂ ಹೆಚ್ಚುಕಡಿಮೆ ಅಷ್ಟೇ. ಗಟ್ಟಿ ಬೋಲ್ಟ್ ಇನ್ನೂ ಜಾಸ್ತಿ ತಾಳಬಲ್ಲದು ನಿಜ, ಆದರೆ ಆ ಜಾಸ್ತಿಯನ್ನು ಕೊಡಲು ಹೋದರೆ ಹಳೇ ಕ್ರ್ಯಾಂಕಿನ ಥ್ರೆಡ್ ತಾಳಬೇಕಲ್ಲ? ಮೂಲ ದರ್ಜೆಯ ಹೊಸ ಬೋಲ್ಟ್ ಸಾಕು. ಇಂಚಿನ ಬೋಲ್ಟ್‌ಗಳಲ್ಲಿ ತಲೆಯ ಮೇಲೆ ಮೂರು ಗೆರೆ ಇದ್ದರೆ ಗ್ರೇಡ್ 5, ಆರು ಗೆರೆ ಇದ್ದರೆ ಗ್ರೇಡ್ 8. ಯಾವ ಗುರುತೂ ಇಲ್ಲದ ಬೋಲ್ಟನ್ನು ಈ ಜಾಗಕ್ಕೆ ಹಾಕಬೇಡಿ.

ಜೋಡಿಸುವಾಗ

ಮೊದಲು ಪಟ್ಟಿ ನೆನಪಿಸಿಕೊಳ್ಳಿ: ಇಂಜಿನ್ನಿನ ಹಿಂದಿನ ತಗಡು ಹಾಕಿದ್ದೀರಾ, ಆಯಿಲ್ ಸೀಲ್ ಕೂರಿಸಿದ್ದೀರಾ, ಕ್ರ್ಯಾಂಕಿನ ಮಧ್ಯದ ಪೈಲಟ್ ಬುಷ್ (ಗೇರ್‌ಬಾಕ್ಸಿನ ದಂಡದ ತುದಿ ಕೂರುವ ಸಣ್ಣ ಬಳೆ) ಹಾಕಿದ್ದೀರಾ. ಫ್ಲೈವೀಲ್ ಪೂರ್ತಿ ಬಿಗಿಯಾದ ಮೇಲೆ ಹಿಂದಿನ ತಗಡು ಬೆಂಚಿನ ಮೇಲೇ ಉಳಿದಿರುವುದು ಕಂಡರೆ ಎಲ್ಲ ಮತ್ತೆ ಬಿಚ್ಚಬೇಕು.

ಫ್ಲ್ಯಾಂಜ್ ಮತ್ತು ಫ್ಲೈವೀಲ್ ಮುಖಗಳನ್ನು ಬ್ರೇಕ್ ಕ್ಲೀನರಿನಿಂದ ಒರೆಸಿ. ಬೆರಳುಗುರು ಆಡಿಸಿ ನೋಡಿ, ತೂತಿನ ಅಂಚಿನಲ್ಲಿ ಮತ್ತು ಡೋವೆಲ್ ಪಿನ್ನಿನ ಸುತ್ತ ಬರ್ ಎದ್ದಿರುತ್ತದೆ. ಚಪ್ಪಟೆ ಎಣ್ಣೆಕಲ್ಲಿನಿಂದ ಮೆಲ್ಲಗೆ ಉಜ್ಜಿ ತೆಗೆಯಿರಿ. ಬಣ್ಣ ಇದ್ದರೆ ಪೂರ್ತಿ ತೆಗೆಯಿರಿ, ಬೋಲ್ಟ್ ತಲೆ ಕೂರುವ ಜಾಗದ್ದೂ ಸೇರಿ. ತೂತಿನ ಒಳಗಿನ ಹಳೇ ಅಂಟು, ಕೊಳೆ ತೆಗೆಯಲು ಹೊಸ ಟ್ಯಾಪ್ ಹಾಕಬೇಡಿ, ಅದು ಲೋಹವನ್ನೇ ಕೊರೆಯುತ್ತದೆ. ಅದೇ ಥ್ರೆಡ್ಡಿನ ಹಳೇ ಬೋಲ್ಟಿಗೆ ಉದ್ದಕ್ಕೆ ಒಂದು ಸೀಳು ಹಾಕಿ, ಅದನ್ನು ಒಳಗೆ ಹೊರಗೆ ತಿರುಗಿಸಿದರೆ ಕೊಳೆ ಸೀಳಿನಲ್ಲಿ ಬರುತ್ತದೆ. ಆಮೇಲೆ ಕ್ಲೀನರ್ ಹೊಡೆದು ಗಾಳಿ ಊದಿ ಒಣಗಿಸಿ. ತಳ ಮುಚ್ಚಿದ ತೂತಿನಲ್ಲಿ ಎಣ್ಣೆ ನಿಂತಿದ್ದರೆ ಬೋಲ್ಟ್ ಅದನ್ನು ಒತ್ತಿ, ಸುಳ್ಳು ಟಾರ್ಕ್ ತೋರಿಸುತ್ತದೆ.

ಬಿಚ್ಚುವಾಗ ಗುರುತು ಹಾಕಿದ್ದರೆ ಅದೇ ಸ್ಥಾನಕ್ಕೆ ಫ್ಲೈವೀಲ್ ಕೂರಿಸಿ. ಬೇರೆ ಕಡೆ ತಿರುಗಿಸಿ ಹಾಕಿದರೆ ಇಗ್ನಿಷನ್ ಟೈಮಿಂಗ್ ಗುರುತು ತಪ್ಪುತ್ತದೆ, ಕ್ರ್ಯಾಂಕ್ ಜೊತೆ ಸೇರಿಸಿ ಬ್ಯಾಲೆನ್ಸ್ ಮಾಡಿಸಿದ್ದರೆ ಅದೂ ಕೆಡುತ್ತದೆ. ಬೋಲ್ಟ್ ಎಳೆದು ಫ್ಲೈವೀಲನ್ನು ಒಳಕ್ಕೆ ತರಬೇಡಿ. ಮೊದಲು ಕೈಯಿಂದಲೇ ಪೂರ್ತಿ ಕೂತಿರಬೇಕು.

ಟಾರ್ಕ್ ಎಷ್ಟು ಅನ್ನುವುದಕ್ಕೆ ನಿಮ್ಮ ಕಾರಿನ ವರ್ಕ್‌ಶಾಪ್ ಪುಸ್ತಕವೇ ಆಧಾರ. ಆದರೆ ಅದನ್ನು ಓದುವಾಗ ಎರಡು ಕಡೆ ಎಡವುತ್ತಾರೆ. ಒಂದು ಅಳತೆಯ ಮಾನ. ಹಳೇ ಪುಸ್ತಕದಲ್ಲಿ 40 ಅಂತ ಇದ್ದರೆ ಅದು ಪೌಂಡ್ ಅಡಿ ಇರಬಹುದು, ಅಂದರೆ 54 ನ್ಯೂಟನ್ ಮೀಟರ್. ನ್ಯೂಟನ್ ಮೀಟರಿನ ರೆಂಚಿನಲ್ಲಿ ಅದೇ 40 ಇಟ್ಟರೆ ಕಾಲು ಭಾಗ ಕಡಿಮೆಯಾಗುತ್ತದೆ. ಕೆಜಿ ಮೀಟರ್ ಇದ್ದರೆ 9.8ರಿಂದ ಗುಣಿಸಿ. ಇನ್ನೊಂದು, ಒಣ ಥ್ರೆಡ್ಡಾ, ಎಣ್ಣೆ ಹಚ್ಚಿದ ಥ್ರೆಡ್ಡಾ ಅನ್ನುವುದು. ನೀವು ಕೊಡುವ ಟಾರ್ಕಿನಲ್ಲಿ ಸುಮಾರು ಅರ್ಧ ಬೋಲ್ಟ್ ತಲೆಯ ಕೆಳಗಿನ ಘರ್ಷಣೆಗೆ, ಶೇ 40ರಷ್ಟು ಥ್ರೆಡ್ಡಿನ ಘರ್ಷಣೆಗೆ ಹೋಗುತ್ತದೆ. ಬೋಲ್ಟನ್ನು ಎಳೆಯಲು ಉಳಿಯುವುದು ಶೇ 10 ಮಾತ್ರ. ಹಾಗಾಗಿ ಘರ್ಷಣೆ ಒಂಚೂರು ಬದಲಾದರೂ ಎಳೆತ ಬಹಳ ಬದಲಾಗುತ್ತದೆ. ಒಣಗಿದ ಥ್ರೆಡ್ಡಿಗೆ ಹೇಳಿದ ಟಾರ್ಕನ್ನು ಎಣ್ಣೆ ಹಚ್ಚಿದ ಬೋಲ್ಟಿಗೆ ಕೊಟ್ಟರೆ ಎಳೆತ ಮೂರನೇ ಒಂದು ಭಾಗದಷ್ಟು ಜಾಸ್ತಿಯಾಗಬಹುದು. ತುಕ್ಕು ಹಿಡಿದ ಬೋಲ್ಟಿನಲ್ಲಿ ಇದರ ಉಲ್ಟಾ, ರೆಂಚ್ ಕ್ಲಿಕ್ ಅಂದರೂ ಎಳೆತ ಬಂದಿರುವುದಿಲ್ಲ. ದ್ರವದ ಲಾಕ್ ಹಸಿಯಾಗಿರುವಾಗ ಎಣ್ಣೆಯ ಹಾಗೆಯೇ ಜಾರಿಸುತ್ತದೆ, ಆದ್ದರಿಂದ ಅದನ್ನು ಒಣ ಥ್ರೆಡ್ ಅಂತ ಲೆಕ್ಕ ಹಾಕಬಾರದು.

ಬಿಗಿ ಮಾಡುವಾಗ ಫ್ಲೈವೀಲ್ ತಿರುಗದಂತೆ ಅದರ ಹಲ್ಲಿಗೆ ಹಿಡಿಯುವ ಲಾಕ್ ಸಾಧನ ಹಾಕಿ. ಸಂಪ್ ಇನ್ನೂ ಹಾಕಿಲ್ಲವಾದರೆ ಕ್ರ್ಯಾಂಕಿನ ಭುಜಕ್ಕೂ ಬ್ಲಾಕಿನ ಗೋಡೆಗೂ ನಡುವೆ ಮರದ ತುಂಡು ಇಟ್ಟರೂ ನಡೆಯುತ್ತದೆ. ಎದುರುಬದುರು ಕ್ರಮದಲ್ಲಿ, ಮೂರು ಹಂತದಲ್ಲಿ ಬಿಗಿ ಮಾಡಿ. ರೆಂಚನ್ನು ಒಂದೇ ಸಮನೆ ನಿಧಾನವಾಗಿ ಎಳೆಯಿರಿ, ಕ್ಲಿಕ್ ಆದ ಮೇಲೆ ನಿಲ್ಲಿಸಿ. ಎರಡೆರಡು ಸಲ ಕ್ಲಿಕ್ ಮಾಡುವ ಅಭ್ಯಾಸ ಬೇಡ.

ಇಲ್ಲಿ ನಾನು ಮಾಡುವ ಕ್ರಮ ಹೀಗೆ. ಮೊದಲು ಅಂಟು (ದ್ರವದ ಲಾಕ್) ಹಚ್ಚದೆ ಬಿಗಿ ಮಾಡಿ, ಡಯಲ್ ಗೇಜ್ (ಸಣ್ಣ ಏರಿಳಿತ ಅಳೆಯುವ ಮುಳ್ಳಿನ ಮಾಪಕ) ಇಟ್ಟು ಫ್ಲೈವೀಲ್ ತಿರುಗಿಸಿ ಓಲಾಟ ನೋಡುತ್ತೇನೆ. ಅಂಚಿನ ಹತ್ತಿರ 0.1 ಮಿ.ಮೀ. ಒಳಗೆ ಇದ್ದರೆ ಸಮಾಧಾನ, ನಿಮ್ಮ ಪುಸ್ತಕ ಬೇರೆ ಹೇಳಿದರೆ ಅದೇ ಸರಿ. ತಿರುಗಿಸುವಾಗ ಕ್ರ್ಯಾಂಕನ್ನು ಒಂದೇ ಕಡೆಗೆ ಒತ್ತಿ ಹಿಡಿಯಿರಿ, ಇಲ್ಲದಿದ್ದರೆ ಕ್ರ್ಯಾಂಕಿನ ಹಿಂದುಮುಂದಿನ ಆಟವೇ ಗೇಜಿನಲ್ಲಿ ಕಾಣುತ್ತದೆ. ಓಲಾಟ ಜಾಸ್ತಿ ಇದ್ದರೆ ಸಾಮಾನ್ಯವಾಗಿ ನಡುವೆ ಏನೋ ಸಿಕ್ಕಿಕೊಂಡಿದೆ ಅಂತಲೇ ಅರ್ಥ. ಸರಿ ಇದ್ದರೆ ಒಂದೊಂದೇ ಬೋಲ್ಟ್ ತೆಗೆದು, ಅಂಟು ಹಚ್ಚಿ, ಮತ್ತೆ ಟಾರ್ಕ್ ಕೊಡುತ್ತೇನೆ. ಆರುಪಾರು ತೂತಾದರೆ ಬೋಲ್ಟಿಗೆ ಹಚ್ಚಬೇಕು, ತಳ ಮುಚ್ಚಿದ್ದರೆ ತೂತಿನೊಳಗೆ ಕೆಲವು ಹನಿ ಬಿಡಬೇಕು. ಪೂರ್ತಿ ಗಟ್ಟಿಯಾಗಲು 24 ಗಂಟೆ. ಗಟ್ಟಿಯಾದ ಮೇಲೆ "ಇನ್ನೊಮ್ಮೆ ನೋಡೋಣ" ಅಂತ ರೆಂಚ್ ಹಾಕಬೇಡಿ, ಬೋಲ್ಟ್ ಅಲುಗಿದರೆ ಅಂಟು ಒಡೆಯುತ್ತದೆ.

ಎಲ್ಲ ಇಂಜಿನ್‌ಗೂ ಹೀಗೆ ಬೋಲ್ಟ್‌ಗಳ ಸುತ್ತು ಇರುವುದಿಲ್ಲ. ಹಳೇ ಮಿನಿಯಲ್ಲಿ ಫ್ಲೈವೀಲ್ ಕೂರುವುದು ಕ್ರ್ಯಾಂಕಿನ ಮೊನಚಾದ ತುದಿಯ ಮೇಲೆ, ಮಧ್ಯದಲ್ಲಿ ಒಂದೇ ಬೋಲ್ಟ್, ಟಾರ್ಕ್ 110 ಪೌಂಡ್ ಅಡಿಯ ಆಸುಪಾಸು. ಅಲ್ಲಿ ಹಿಡಿಯುವುದು ಆ ಟೇಪರ್ (ತುದಿಗೆ ಸಣ್ಣಗಾಗುವ) ಮುಖ. ಅದು ಸ್ವಚ್ಛವಾಗಿ, ಒಣಗಿರಬೇಕು, ಸುತ್ತಲೂ ಸಮನಾಗಿ ತಾಗಬೇಕು. ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ಮಧ್ಯದಲ್ಲಿ 36 ಮಿ.ಮೀ. ತಲೆಯ ಒಂದೇ ದೊಡ್ಡ ಬೋಲ್ಟ್, ಅದನ್ನು ಗ್ಲ್ಯಾಂಡ್ ನಟ್ ಅನ್ನುತ್ತಾರೆ, ಜೊತೆಗೆ ನಾಲ್ಕು ಡೋವೆಲ್ ಪಿನ್. ಅದಕ್ಕೆ ಸಾಮಾನ್ಯವಾಗಿ ಹೇಳುವ ಟಾರ್ಕ್ 253 ಪೌಂಡ್ ಅಡಿ, ಸುಮಾರು 343 ನ್ಯೂಟನ್ ಮೀಟರ್. ಮಾಮೂಲಿ ರೆಂಚಿನಲ್ಲಿ ಅಂದಾಜಿನ ಮೇಲೆ ಬಿಗಿ ಮಾಡಿ ಬಿಟ್ಟರೆ ಡೋವೆಲ್ ತೂತುಗಳು ಮೊಟ್ಟೆಯಾಕಾರಕ್ಕೆ ಅಗಲವಾಗುತ್ತವೆ. ಅಷ್ಟು ಟಾರ್ಕಿಗೆ ತಕ್ಕ ಸಾಧನವನ್ನೇ ಬಳಸಿ.

ಸಡಿಲವಾಗಿದೆ ಅಂತ ಗೊತ್ತಾಗುವುದು

ಹಳೇ ಇಂಜಿನ್ ಬಿಚ್ಚಿದಾಗ ಫ್ಲ್ಯಾಂಜ್ ಮುಖದ ಮೇಲೆ ಕೆಂಪು ಕಂದು ಬಣ್ಣದ ನುಣುಪು ಪುಡಿ ಕಂಡರೆ ಅದು ಮಾಮೂಲಿ ತುಕ್ಕು ಅಂತ ಒರೆಸಿಬಿಡಬೇಡಿ. ಎರಡು ಉಕ್ಕಿನ ಮುಖಗಳು ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಉಜ್ಜಾಡಿದಾಗ ಹೀಗಾಗುತ್ತದೆ. ಅಂಥ ಮುಖವನ್ನು ಸುಮ್ನೆ ಬಿಗಿ ಮಾಡಿದರೆ ನಿಲ್ಲುವುದಿಲ್ಲ, ಹಳ್ಳ ಬಿದ್ದ ಮೇಲ್ಮೈ ಮತ್ತೆ ಅಮುಕಿಕೊಳ್ಳುತ್ತದೆ. ಲೇತ್ ಅಥವಾ ಗ್ರೈಂಡಿಂಗ್ ಕೆಲಸದವರ ಹತ್ತಿರ ಮುಖ ಸರಿ ಮಾಡಿಸಿ. ಡೋವೆಲ್ ತೂತು ಅಗಲವಾಗಿದ್ದರೆ ರೀಮರ್ ಹೊಡೆಸಿ ದಪ್ಪ ಪಿನ್ ಹಾಕಿಸಿ.

ಓಡುವ ಕಾರಿನಲ್ಲಿ ಸಡಿಲವಾದ ಫ್ಲೈವೀಲ್ ಠಕ್ ಠಕ್ ಅಂತ ಆಳದ ಸದ್ದು ಮಾಡುತ್ತದೆ, ಕೇಳಿದವರೆಲ್ಲ ಮೇನ್ ಬೇರಿಂಗ್ ಹೋಗಿದೆ ಅನ್ನುತ್ತಾರೆ. ಕ್ಲಚ್ ಪೆಡಲ್ ಒತ್ತಿದಾಗ ಆ ಸದ್ದು ಬದಲಾದರೆ ಫ್ಲೈವೀಲಿನ ಮೇಲೆ ಅನುಮಾನ ಪಡಿ. ಹಳೇ ಮೆಕ್ಯಾನಿಕ್‌ಗಳ ಇನ್ನೊಂದು ಪರೀಕ್ಷೆಯೂ ಇದೆ: ಇಂಜಿನ್ ಮೆಲ್ಲಗೆ ಓಡುತ್ತಿರುವಾಗ ಸ್ವಿಚ್ ಆಫ್ ಮಾಡಿ, ಇನ್ನೇನು ನಿಲ್ಲುತ್ತದೆ ಅನ್ನುವಾಗ ಮತ್ತೆ ಆನ್ ಮಾಡಿ. ಮತ್ತೆ ಉರಿದ ಕ್ಷಣಕ್ಕೆ ಠಕ್ ಅಂತ ಒಂದೇ ಒಂದು ಗಟ್ಟಿ ಏಟು ಕೇಳಿದರೆ, ಕ್ರ್ಯಾಂಕ್ ಮುಂದೆ ಹೋಗಿ ಫ್ಲೈವೀಲ್ ಹಿಂದೆ ಉಳಿಯುತ್ತಿದೆ. ಅಲ್ಲಿಗೆ ಕಾರು ಓಡಿಸುವುದು ನಿಲ್ಲಿಸಿ. ಬೇರಿಂಗಿಗೆ ಅಂತ ಇಂಜಿನ್ ಬಿಚ್ಚುವ ಮೊದಲು ಗೇರ್‌ಬಾಕ್ಸ್ ಇಳಿಸಿ, ಕ್ಲಚ್ ತೆಗೆದು, ಆ ಬೋಲ್ಟ್‌ಗಳನ್ನು ಒಂದೊಂದಾಗಿ ನೋಡಿ.